ಒತ್ತು ಬರಲಿಲ್ಲ

ಮತ್ರಾದ ಮೀನುಪೇಟೆ ಹಿಂದೆ, ಮೂರನೇ ಮಹಡಿಯಲ್ಲಿ
ಶುಕ್ರವಾರ ಸಂಜೆ ಐದಕ್ಕೆ ನಾನು ‘ಹಳ್ಳ’ ಅಂದೆ.
ಇಬ್ರಾದ ಅಫ್ಶೀನ್‌ಗೆ ‘ಹಳ’ ಅಂತ ಕೇಳಿತಂತೆ.
ಸೂರ್‌ನ ಲಿಯಾಂಡರ್‌ಗೆ ಬರೀ ‘ಹ’.
ಸೊಹಾರ್‌ನಲ್ಲಿ ಪ್ರಣೀತನ ಪರದೆಯ ಮೇಲೆ ನನ್ನ ಬಾಯಿ
ತೆರೆದದ್ದು ತೆರೆದ ಹಾಗೇ ನಿಂತಿತ್ತಂತೆ
ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತವಳ ಹಾಗೆ.
ಅಕ್ಷರ ಹೋಯಿತು,
ಒತ್ತು ಹೋಗಲಿಲ್ಲ.

‘ಆರಿಸಿ ಹಚ್ಚು’ ಅಂದರು ಮನೆಯವರು.
ಎಂಥ ಬೇನೆಗೂ ಅವರದು ಅದೊಂದೇ ಕಷಾಯ.
ಆರಿಸಿದೆ, ಮೂವತ್ತು ಎಣಿಸಿದೆ, ಹಚ್ಚಿದೆ.
ನಾಲ್ಕು ದೀಪ ಗಟ್ಟಿ ಹಸಿರು. ಐದನೆಯದು
ಮಿಣುಕು ಮಿಣುಕು, ಹೇಳಲೋ ಬೇಡವೋ ಅಂತ.

ರೌಟರು ಫ್ರಿಜ್ಜಿನ ತಲೆಯಿಂದ ಇಳಿಯಿತು,
ಅಕ್ಕಿ ಡಬ್ಬಿ ಹತ್ತಿತು, ಕಿಟಕಿಗೆ ಹೋಗಿ ಹಡಗು ನೋಡಿತು.
ದೇವರ ಗೂಡಿನ ಪಕ್ಕ ಇಟ್ಟ ದಿನ
ಎರಡೂವರೆ ಇದ್ದದ್ದು ನಾಲ್ಕಾಯಿತು.
‘ನೋಡು’ ಅಂದರು. ನೋಡಿದೆ.
ಮರುದಿನ ಮತ್ತೆ ಎರಡೂವರೆ.
ಅವನಿಗೂ ಎಷ್ಟು ಅಂತ ಕೆಲಸ.

ಕಂಪನಿಗೆ ಫೋನು. ಅರಬ್ಬಿಗೆ ಒಂದು ಒತ್ತಿ,
ಇಂಗ್ಲಿಷಿಗೆ ಎರಡು ಒತ್ತಿ. ಒತ್ತಿದೆ.
ಹನ್ನೊಂದು ನಿಮಿಷ ಪಿಟೀಲು, ಆಮೇಲೆ ಒಬ್ಬಳ ದನಿ:
‘ನಮ್ಮ ಕಡೆಯಿಂದ ಎಲ್ಲ ಸರಿಯಾಗಿದೆ ಮೇಡಂ.’
ಲೋಕದ ಜಗಳವೆಲ್ಲ ಈ ಒಂದು ವಾಕ್ಯದ
ಎರಡು ತುದಿಯಲ್ಲಿ ಕೂತೇ ಇದೆಯಲ್ಲ.

ಒಂಬತ್ತನೇ ದಿನ ಮುರಾದ್ ಬಲೂಶಿ ಬಂದ,
ಬಿಳಿ ದಿಶ್‌ದಾಶ ಮೊಣಕಾಲಿಗೆ ಎತ್ತಿ ಕೂತು
ವೈರು ಹಿಡಿದುಕೊಂಡೇ ಬೀರುವಿನ ಹಿಂದೆ ನಡೆದ.
‘ಸಾಕೆಟ್ಟೆಲ್ಲಿ, ಬೆಹನ್?’
ಆರು ವರ್ಷದ ಬಾಡಿಗೆ, ನಾವೂ ಕೇಳಿರಲಿಲ್ಲ.
ವೈರು ಸೀದಾ ಸುಣ್ಣದೊಳಗೆ ಹೊಕ್ಕಿತ್ತು
ಗೋಡೆಗೇ ಹೊಕ್ಕುಳಬಳ್ಳಿ ಇದ್ದ ಹಾಗೆ.
‘ಗೋಡೆ ಮಾಲೀಕರದು, ನನ್ನದಲ್ಲ’ ಅಂದು
ಖರ್ಜೂರ ತಿಂದು, ಕಾಫಿ ಕುಡಿದು, ಹೋದ.

ಮಾಲೀಕರು ಮಶ್‌ಹದ್‌ಗೆ ಹೋಗಿದ್ದರು.

ದೋಸೆ ಮಗುಚುವ ಸಟ್ಟುಗ ತಗೊಂಡು
ನಾನೇ ಕೆರೆದೆ.
ಬಿಳಿ ಉದುರಿತು, ಕೆಳಗೆ ಕೆನೆ, ಅದರ ಕೆಳಗೆ ಪಿಸ್ತಾ,
ಯಾರೋ ಆಸೆಪಟ್ಟು ಹೊಡೆಸಿದ ಗುಲಾಬಿ.
ಒಂದು ಸಂಸಾರ ಖಾಲಿ ಮಾಡಿದಾಗ ಒಂದು ಕೈ ಬಣ್ಣ,
ಸಾಕೆಟ್ಟನ್ನೂ ಗೋಡೆ ಅಂತಲೇ ತಿಳಿದು.
ಗುಲಾಬಿಯ ಮೇಲೆ ಪೆನ್ಸಿಲ್ಲಲ್ಲಿ ಒಂದು ನಂಬರು.
ಆರೇ ಅಂಕೆ. ಈಗಿಲ್ಲಿ ಎಂಟು.
ಒತ್ತಿದರೆ ಯಾರೂ ಎತ್ತಲಾರರು,
ಆದರೂ ಅದರ ಸುತ್ತ ಕೆರೆಯದೆ ಬಿಟ್ಟೆ.

ಡಬ್ಬಿ ತೆರೆದರೆ ಎರಡು ತಾಮ್ರದೆಳೆ, ಹಸಿರು ಕಿಲುಬು.
ಮೂರು ಮಹಡಿ ಹತ್ತಿ ಬಂದು ಸಮುದ್ರ
ನಮ್ಮ ಮನೆಯ ಮಾತು ನೆಕ್ಕುತ್ತ ಕೂತಿತ್ತು.
ಕಿಲುಬಿಗೆ ಏನು ಮದ್ದು ಅಂತ
ಯಾವ ಕಂಪನಿಯನ್ನೂ ಕೇಳಬೇಕಿರಲಿಲ್ಲ ನಾನು:
ಬೀಜ ತೆಗೆದ ಹುಣಸೆಹಣ್ಣು, ಒಂದು ಚಿಟಿಕೆ ಉಪ್ಪು,
ತಂಬಿಗೆ ಬೆಳಗುವ ಅದೇ ಹೆಬ್ಬೆರಳು.
‘ಫೋನಿನ ವೈರು, ಶಾಕ್ ಹೊಡೆಯೂದಿಲ್ಲ ತಗೋ’
ಅಂತ ಅವರು ಬಾಗಿಲಾಚೆ ನಿಂತು ಧೈರ್ಯ ಹೇಳಿದರು.
ಒರೆಸಿದೆ, ಒಣಗಿಸಿದೆ, ಬಿಗಿದೆ.

ಹದಿನೇಳು.
ದುಡ್ಡು ಕಟ್ಟುವುದು ಇಪ್ಪತ್ತನಾಲ್ಕಕ್ಕೆ. ಇರಲಿ,
ಉಳಿದ ಏಳು ಎಲ್ಲಿ ಅಂತ ಇನ್ನೊಂದು ಗೋಡೆ ಕೆರೆಯಲಾರೆ.
ಮುಂಗಡದಲ್ಲಿ ಎಷ್ಟು ರಿಯಾಲ್ ಮುರಿದುಕೊಳ್ಳುತ್ತಾರೋ,
ಸದ್ಯಕ್ಕೆ ಗಾಯದ ಮೇಲೆ ಕ್ಯಾಲೆಂಡರು ತೂಗಿದೆ.

ಈ ಶುಕ್ರವಾರ ಮತ್ತೆ ‘ಹಳ್ಳ’ ಅಂದೆ.
ನಾಲಗೆ ಅಂಗುಳಕ್ಕೆ ತಾಗಿ, ಒಂದು ಗಳಿಗೆ ನಿಂತು,
ಬಿಟ್ಟ ಸದ್ದು ಕೂಡ ಹೋಯಿತು ಅನಿಸುತ್ತದೆ.
ಲಿಯಾಂಡರ್ ಬರೆದ. ಪ್ರಣೀತ ಅಳಿಸಿ ಬರೆದಳು.
ಅಫ್ಶೀನ್ ಪೆನ್ನು ಕಚ್ಚಿ ಯೋಚಿಸಿ ಕೇಳಿದಳು:
‘ಹಳ್ಳ ಅಂದ್ರೆ ವಾದಿನಾ, ಮಿಸ್?
ನಮ್ಮನೆ ಹಿಂದೆ ಇದೆಯಲ್ಲ, ಒಣಗಿರತ್ತೆ,
ಯಾವಾಗಲೋ ಒಂದ್ಸಲ, ಒಮ್ಮೆಗೇ ಬಂದುಬಿಡತ್ತೆ?’